ಮೂರನೇ ಮನೆಯ ಕಾಡೆತ್ತು

“ಬಗ್ಗೋ ನನ್ಮಗನೇ, ಇನ್ನೂ ಬಗ್ಗು. ನೆಟ್ಟಗೆ ನಿಂತ ಎತ್ತನ್ನ ಎಲ್ಲಾದ್ರೂ ನೋಡಿದ್ದೀಯಾ?”

ಕೂಗಿದವನು ನಮ್ಮ ಮೇಸ್ತ್ರಿ. ಬಗ್ಗಬೇಕಾಗಿದ್ದವನು ನನ್ನ ಚಿಕ್ಕಪ್ಪ. ಚಿಕ್ಕಪ್ಪನ ಹಿಂದೆ, ಅವನ ಸೊಂಟಕ್ಕೆ ಹಣೆ ಆನಿಸಿ, ಎರಡೂ ಕೈಯಲ್ಲಿ ಅವನ ಬೆಲ್ಟು ಹಿಡಿದುಕೊಂಡು ಆಗಲೇ ಬಗ್ಗಿ ನಿಂತಿದ್ದ ಹಿಂಗಾಲು ನಾನು. ಇದು ನಡೆದದ್ದು. ಕಟ್ಟಿ ಹೇಳುವ ಕಥೆಯಾಗಿದ್ದರೆ ನನಗೆ ನಾನೇ ಮುಂಗಾಲಿನ ಪಾತ್ರವನ್ನಾದರೂ ಕೊಟ್ಟುಕೊಳ್ಳುತ್ತಿದ್ದೆ. ಬಿ.ಎ. ಪಾಸಾದವನು ಅಷ್ಟು ಆಸೆಪಟ್ಟರೆ ಯಾರೂ ಬೈಯುವುದಿಲ್ಲ.

ನಮ್ಮಿಬ್ಬರ ಮೇಲೆ ತಂತಿಯ ಹಂದರ. ಹಂದರದ ಮೇಲೆ ಕಂದು ಕಂಬಳಿ. ಮುಂದುಗಡೆ, ಕಾಗದ ನೆನೆಸಿ ರುಬ್ಬಿ ಮಾಡಿದ, ಕೊಂಬುಗಳಿರುವ ತಲೆ. ಒಟ್ಟಿನಲ್ಲಿ ನೂರು ಹೆಜ್ಜೆ ದೂರದಿಂದ ನೋಡಿದರೆ ಕಾಡೆತ್ತು, ಹತ್ತಿರದಿಂದ ನೋಡಿದರೆ ಕಂಬಳಿಯೊಳಗೆ ಬೆವರುವ ಎರಡು ಪ್ರಾಣಿ. ಮೇಸ್ತ್ರಿ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ದನದ ಗಂಜಲ ತುಂಬಿಕೊಂಡು ಬಂದು, ಕಂಬಳಿಗೆ ಹೊರಗಿನಿಂದ ಒಂದು ಸುತ್ತು, ನಮಗೆ ಒಳಗಿನಿಂದ ಒಂದು ಸುತ್ತು ಹೊಡೆಯುತ್ತಿದ್ದ. ಕಣ್ಣು ಮುಚ್ಚಿಕೊಳ್ಳಿ ಎಂದು ಅವನು ಹೇಳಿದ್ದು ಮೊದಲ ದಿನ ಮಾತ್ರ.

ಪ್ರಾಣಿಗೆ ಮನುಷ್ಯನ ಅಭ್ಯಾಸ ಆಗಬಾರದು ಎಂಬುದು, ಕಾಡೆತ್ತುಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುವ ನಮ್ಮ ಕೇಂದ್ರದ ಮೊದಲ ನಿಯಮ. ಮೇವು ತರುವವನು ಮನುಷ್ಯ ಎಂದು ಗೊತ್ತಾದರೆ ನಾಳೆ ಕಾಡಿಗೆ ಬಿಟ್ಟಾಗಲೂ ಅದು ಮನುಷ್ಯನ ಬೆನ್ನು ಹತ್ತಿ ಬರುತ್ತದಂತೆ. ಆದ್ದರಿಂದ ದೊಡ್ಡಿಯೊಳಗೆ ಹೋಗುವ ಕೂಲಿಯವರು ಎತ್ತಾಗಿಯೇ ಹೋಗಬೇಕು. ಮುಂಗಾಲಿನವನು ಹೊಟ್ಟೆಯ ಕೊಕ್ಕೆಗೆ ಮೇವಿನ ಕಟ್ಟು ನೇತುಹಾಕಿಕೊಂಡು ಒಯ್ಯಬೇಕು. ಹಿಂಗಾಲಿನವನು ಸಗಣಿ ಬಾಚಿ ಚೀಲಕ್ಕೆ ತುಂಬಬೇಕು. ಮಾತಾಡಬಾರದು, ಕೆಮ್ಮಬಾರದು, ಎರಡು ದಿನ ಮುಂಚಿನಿಂದ ಸೋಪು ಮುಟ್ಟಬಾರದು, ಈರುಳ್ಳಿ ತಿನ್ನಬಾರದು. ಹಾಜರಿ ಪುಸ್ತಕದಲ್ಲಿ ನನ್ನ ಹುದ್ದೆ ‘ಆಕೃತಿ ಸಹಾಯಕ, ಹಿಂಬದಿ’. ಚಿಕ್ಕಮ್ಮ ಇದನ್ನು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ಹುಡುಗ ಆಫೀಸಿನಲ್ಲಿದ್ದಾನೆ ಎಂದಷ್ಟೇ ಹೇಳುತ್ತಿದ್ದಳು.

ಕಾಡೆತ್ತುಗಳು ಈ ಬೆಟ್ಟದಲ್ಲಿ ನೂರ ಹತ್ತು ವರ್ಷದ ಹಿಂದೆ ಇದ್ದವಂತೆ. ಹೇಗೆ ಇಲ್ಲವಾದವು ಎಂಬುದಕ್ಕೆ ಅತಿಥಿಗಳ ಹಾಲಿನಲ್ಲಿ ಒಂದು ದೊಡ್ಡ ಬೋರ್ಡಿದೆ. ಸುತ್ತಲಿನ ಬಡಜನರ ದನ, ಕೊಡಲಿ ಮತ್ತು ಅಜ್ಞಾನದಿಂದ ಎಂದು ಅದರಲ್ಲಿ ಬರೆದಿದೆ. ಬೋರ್ಡಿನ ಪಕ್ಕದಲ್ಲೇ ಚೌಕಟ್ಟು ಹಾಕಿದ ಹಳೆಯ ಫೋಟೊ. ಅದರಲ್ಲಿ ಬಂದೂಕು ಹಿಡಿದ ಐವರು ದೊಡ್ಡಮನುಷ್ಯರು ಸತ್ತ ಎತ್ತಿನ ಮೇಲೆ ಬೂಟುಗಾಲಿಟ್ಟು ನಿಂತಿದ್ದಾರೆ. ನಡುವಿನ ಮೀಸೆಯವನ ಮೊಮ್ಮಗ ಈಗ ಕೇಂದ್ರದ ಅಧ್ಯಕ್ಷ. ಬೋರ್ಡು ಮತ್ತು ಫೋಟೊ ಒಂದೇ ಗೋಡೆಯ ಮೇಲೆ ಇಷ್ಟು ವರ್ಷ ಜಗಳವಾಡದೆ ಹೇಗೆ ಇವೆಯೋ ನನಗೆ ಅರ್ಥವಾಗಿಲ್ಲ.

ಎತ್ತುಗಳಿಗೆ ಜಾಗ ಮಾಡಲು ಮೊದಲು ನಲವತ್ತು ಮನೆ ಎಬ್ಬಿಸಿದರು. ಬೇಲಿ ಹಾಕಿದರು. ಒಳಗೆ ಉಳಿದದ್ದು ಏಳು ಮನೆ. ಆ ಏಳು ಮನೆಯ ಗಂಡಸರು ಕೇಂದ್ರದ ಕೂಲಿಗಳು. ಕೆಲಸವಿದ್ದಷ್ಟು ದಿನ ಮನೆ. ಸಾಲಿನ ಮೂರನೆಯದು ಚಿಕ್ಕಪ್ಪನದು. ಅಪ್ಪ ಅಮ್ಮ ಹೋದ ಮೇಲೆ ನಾನು ಬೆಳೆದದ್ದೂ ಅಲ್ಲೇ.

ಆಮೇಲೆ ಹೊರದೇಶದಿಂದ ಪೆಟ್ಟಿಗೆಗಳಲ್ಲಿ ಮೂರು ಹಸು, ಒಂದು ಎತ್ತು ಬಂದವು. ಎತ್ತಿಗೆ ಅತಿಥಿಗಳು ನಾಲಿಗೆ ಹೊರಳದ ಒಂದು ಹೆಸರಿಟ್ಟಿದ್ದರು. ಅದಕ್ಕೆ ಬೇಸಿಗೆಯಲ್ಲಿ ಫ್ಯಾನು, ಸ್ನಾನಕ್ಕೆ ಪೈಪು, ಊಟಕ್ಕೆ ಮುಂಚೆ ಡಾಕ್ಟರು. ಇದನ್ನೆಲ್ಲ ನೋಡಿದ ಚಿಕ್ಕಮ್ಮ, ಇದು ಎತ್ತಲ್ಲ, ಮೊದಲ ಸಲ ಮಾವನ ಮನೆಗೆ ಬಂದ ಅಳಿಯ ಅಂದಳು. ಅಂದಿನಿಂದ ಅದು ನಮಗೆಲ್ಲ ಅಳಿಯ.

ಅಳಿಯ ದೈತ್ಯ. ಆದರೆ ಪಾಪದ್ದು. ನಮ್ಮ ಕಂಬಳಿಯ ಎತ್ತು ಒಳಗೆ ಹೋದರೆ ಹತ್ತಿರ ಬಂದು, ಕಾಗದದ ತಲೆಯನ್ನು ನಾಲಿಗೆಯಿಂದ ನೆಕ್ಕುತ್ತಿತ್ತು. ಕೊಂಬಿನ ಬಣ್ಣ ಹೋಗುತ್ತದೆಂದು ಮೇಸ್ತ್ರಿ ನಮಗೆ ಬೈಯುತ್ತಿದ್ದ. ಒಂದು ದಿನ ಅಳಿಯ ನೆಕ್ಕಲು ಬರಲಿಲ್ಲ. ಮರುದಿನ ಮೆಲುಕು ಹಾಕುವುದನ್ನು ನಿಲ್ಲಿಸಿತು. ಮೇವಿನ ಉಂಡೆಗಳಿಗೆ ಸುತ್ತಿ ಬರುವ ಪ್ಲಾಸ್ಟಿಕ್ ಬಲೆಯನ್ನು ಬಿಚ್ಚದೆ ಯಂತ್ರಕ್ಕೆ ಹಾಕಿ ಕತ್ತರಿಸುತ್ತಿದ್ದರು. ಬಿಚ್ಚಲು ಇಬ್ಬರು ಆಳು ಬೇಕು, ಆಳು ದಂಡ ಎಂದು ಮೇಸ್ತ್ರಿಯ ಲೆಕ್ಕ. ಹುಟ್ಟಿದಾಗಿನಿಂದ ದನದ ಜೊತೆ ಬೆಳೆದ ಚಿಕ್ಕಪ್ಪ ಸಗಣಿಯಲ್ಲಿ ಬಲೆಯ ಎಳೆ ಕಂಡ. ಕಂಬಳಿ ಕಳಚಿಟ್ಟು, ಗಂಜಲ ನಾರುವ ಮೈಯಲ್ಲೇ ನೇರ ನಿರ್ದೇಶಕರ ಕೋಣೆಗೆ ಹೋದ. ನಾನು ಬಾಗಿಲಲ್ಲಿ ನಿಂತೆ.

ನಿರ್ದೇಶಕರಿಗೆ ನಾವಿಟ್ಟ ಹೆಸರು ಸಾಬೂನು. ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಿದ್ದರು, ಮಾತು ಜಾರುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಯಾವ ಮಾತನ್ನಾದರೂ, ನೋಡಿ, ಭಾವನೆ ಬೇರೆ, ವಿಜ್ಞಾನ ಬೇರೆ ಎಂದು ಮೂಗಿನಲ್ಲಿ ಎಳೆದು ಶುರುಮಾಡುವರು. ಕಂಬಳಿಯೊಳಗೆ ನಾನು ಅದನ್ನೇ ಪಿಸುಗುಟ್ಟಿ ಚಿಕ್ಕಪ್ಪನನ್ನು ನಗಿಸಿ, ಎತ್ತಿನ ಬೆನ್ನೆಲ್ಲ ಕುಲುಕಿ, ಇಬ್ಬರೂ ಬೈಸಿಕೊಂಡದ್ದಿದೆ.

ಆವತ್ತು ಅವರು ಕರ್ಚೀಫು ಮೂಗಿಗೆ ಹಿಡಿದು ಪೂರ್ತಿ ಕೇಳಿದರು. ಆಮೇಲೆ ಹೇಳಿದರು:

“ನೀನು ಮುಂಗಾಲು. ತಲೆ ಆಗೋಕೆ ಬರಬೇಡ.”

ಅಳಿಯ ನಾಲ್ಕನೆಯ ದಿನ ಮಧ್ಯಾಹ್ನ ಸತ್ತಿತು. ಹೊಟ್ಟೆ ಕೊಯ್ದಾಗ ಎರಡು ಬಕೆಟ್ಟು ಬಲೆ ಸಿಕ್ಕಿತು. ಡಾಕ್ಟರು ಅದರ ಕೊರಳಿನ ರೇಡಿಯೊ ಪಟ್ಟಿಯನ್ನು ಬೀಗದ ಕೈಯಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಸಾವಿನ ಕಾಗದಕ್ಕೆ ಬೇರೆ ಕಾರಣ ಬರೆದು ಸಹಿ ಹಾಕಿ ಎಂದಾಗ ಬ್ಯಾಗು ಎತ್ತಿಕೊಂಡು ರಜೆ ಹೋಗಿಬಿಟ್ಟರು. ಒಳ್ಳೆಯವರೇ, ಆದರೆ ಅವರ ಒಳ್ಳೆಯತನಕ್ಕೆ ರಜೆಯ ಸೌಲಭ್ಯವಿತ್ತು. ಬೀಗದ ಕೈ ಅವರ ಬ್ಯಾಗಿನಲ್ಲೇ ಹೋಯಿತು.

ಮೇವಿನ ಶೆಡ್ಡಿನ ಹಿಂದೆ ಏಳು ಮನೆಯ ಗಂಡಸರು ಗುಂಡಿ ತೋಡಿದೆವು. ಹೂಳುವಾಗ ಚಿಕ್ಕಪ್ಪ ಅಳಿಯನ ಕಣ್ಣು ಮುಚ್ಚಲು ನೋಡಿದ, ಆಗಲಿಲ್ಲ. ತನ್ನ ಟವೆಲನ್ನು ಅದರ ಮುಖಕ್ಕೆ ಹಾಕಿದ. ಎರಡು ದಿನಕ್ಕೆ ಸರಿಯಾಗಿ ಮಂತ್ರಿಗಳು ಬರುವವರಿದ್ದರು, ಎತ್ತನ್ನು ಕಾಡಿಗೆ ಬಿಡಲು.

ಮರುದಿನ ಬೆಳಗ್ಗೆ ಸಾಬೂನು ಮೊಟ್ಟಮೊದಲ ಸಲ ನಮ್ಮ ಅಂಗಳಕ್ಕೆ ಬಂದರು. ಕುರ್ಚಿ ಇಲ್ಲದ್ದರಿಂದ ಚಿಕ್ಕಮ್ಮ ಒಗೆಯುವ ಕಲ್ಲು ತೋರಿಸಿದಳು, ಕೂತರು. ವಿಷಯ ಬಹಳ ಸರಳವೆಂದರು. ವೇದಿಕೆ ಅರ್ಧ ಕಿಲೋಮೀಟರು ದೂರ, ಗೇಟು ತೆರೆಯುತ್ತದೆ, ಕಂಬಳಿಯ ಎತ್ತು ಹೊರಟು ದಿಣ್ಣೆ ಹತ್ತಿ ಮರೆಯಾಗುತ್ತದೆ, ಚಪ್ಪಾಳೆ, ಮುಗಿಯಿತು. ಹೊಸ ಎತ್ತು ತರಿಸುವವರೆಗೆ ನಾಲ್ಕು ಜನರ ಮಾನ ಉಳಿಯುತ್ತದೆ. ಇದನ್ನು ಮಾಡಿಕೊಟ್ಟರೆ ಹೊಸ ನಕ್ಷೆಯಲ್ಲಿ ಏಳು ಮನೆಗಳನ್ನು ಕಾಡೆತ್ತಿನ ಜಾಗದ ಗೆರೆಯಿಂದ ಹೊರಗಿಡುತ್ತೇನೆ, ಕೆಲಸ ಇರಲಿ ಹೋಗಲಿ, ಮನೆ ನಿಮ್ಮದೇ. ಮಾಡದಿದ್ದರೆ, ಪ್ರಾಣಿ ಸತ್ತದ್ದು ಮೇವು ಹಾಕಿದವರ ಅಜಾಗರೂಕತೆಯಿಂದ ಎಂದು ಬರೆಯಬೇಕಾಗುತ್ತದೆ.

ಚಿಕ್ಕಮ್ಮ ಒಳಗಿನಿಂದಲೇ, ಇದನ್ನು ಕಾಗದದ ಮೇಲೆ ಬರೆದುಕೊಡುತ್ತಾರಾ ಕೇಳಿ ಅಂದಳು. ನನ್ನ ಮಾತೇ ಕಾಗದ ತಾಯಿ ಎಂದು ಅವರು ಎದ್ದು, ಪ್ಯಾಂಟಿನ ಹಿಂಭಾಗ ಕೊಡವಿಕೊಂಡರು.

ಚಿಕ್ಕಪ್ಪ ಒಪ್ಪಿದ. ಒಪ್ಪದೆ ಎಲ್ಲಿಗೆ ಹೋಗುತ್ತಾನೆ.

ಒಂದು ತೊಡಕಿತ್ತು. ಆ ರೇಡಿಯೊ ಪಟ್ಟಿ ಹತ್ತು ನಿಮಿಷಕ್ಕೊಂದು ಸಲ ಆಕಾಶಕ್ಕೆ ಸುದ್ದಿ ಕಳಿಸುತ್ತಿತ್ತು. ಎತ್ತು ಎಲ್ಲಿದೆಯೋ ಅಲ್ಲೊಂದು ಹಸಿರು ಚುಕ್ಕಿ ಅತಿಥಿಗಳ ಹಾಲಿನ ಪರದೆಯ ಮೇಲೂ, ಎತ್ತು ಕೊಟ್ಟ ಹೊರದೇಶದವರ ಫೋನುಗಳಲ್ಲೂ ಮೂಡಿ ಹಾಗೇ ಉಳಿಯುತ್ತಿತ್ತು. ಎತ್ತು ನಡೆದರೆ ಚುಕ್ಕಿಯೂ ನಡೆಯಬೇಕು. ಕಾಗದದ ಕೊರಳಿಗೆ ಕಟ್ಟಿ ನೋಡಿದರು. ಎರಡು ಕಿಲೋ ತೂಕ, ತಲೆ ಸಮೇತ ಕಿತ್ತು ಬಿತ್ತು. ಕಾಡೆತ್ತಿನ ಕೊರಳ ಪಟ್ಟಿ ಮನುಷ್ಯನ ಸೊಂಟಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ ಎಂದು ಕಂಡುಹಿಡಿದವನು ಮೇಸ್ತ್ರಿ. ಕೊನೆಯ ತೂತಿಗೆ ಎಳೆದು ಬಿಗಿದರು. ಬೀಗ ಒತ್ತಿದವರು ಸಾಬೂನು, ಖುದ್ದಾಗಿ. ಹಾಕಲು ಬೀಗದ ಕೈ ಬೇಡದ, ತೆಗೆಯಲು ಮಾತ್ರ ಬೇಕಾದ ಬೀಗ ಅದು. ಮೂರೇ ದಿನ, ಡಾಕ್ಟರು ಬಂದ ಕೂಡಲೇ ಬಿಚ್ಚಿಸುತ್ತೇನೆ ಎಂದು ಹೋಗಿ ಕೈ ತೊಳೆದುಕೊಂಡರು.

ಮಂತ್ರಿಗಳು ಬಂದರು. ವೇದಿಕೆಯ ಮೇಲಿಂದ ಸ್ವಿಚ್ಚು ಒತ್ತಿದರು. ಗೇಟು ಕಿರುಗುಟ್ಟಿತು. ನಾವು ಹೊರಟೆವು. ಬಿಸಿಲಿಗೆ ಕಂಬಳಿಯೊಳಗೆ ಬೇಯುತ್ತಿದ್ದೆವು, ಚಿಕ್ಕಪ್ಪನ ಸೊಂಟದ ಪಟ್ಟಿಯ ಡಬ್ಬಿ ನನ್ನ ಹಣೆಗೆ ಒಂದೊಂದು ಹೆಜ್ಜೆಗೂ ಬಡಿಯುತ್ತಿತ್ತು. ನಡುದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಅಳಿಯನ ಕೂಗನ್ನು ನಾನು ತಿಂಗಳುಗಟ್ಟಲೆ ಕೇಳಿದ್ದವನು. ಹೊಟ್ಟೆಯ ತಳದಿಂದ ಎತ್ತಿ, ಗಂಟಲಲ್ಲಿ ಒಡೆದು, ಮೂಗಿನಲ್ಲಿ ಬಿಡಬೇಕು. ಬಿಟ್ಟೆ. ವೇದಿಕೆಯ ಮೇಲೆ ಮಂತ್ರಿಗಳು ಹಿಂದಕ್ಕೆ ಹಾರಿ ತಮ್ಮ ಕಾರ್ಯದರ್ಶಿಯ ಕಾಲು ತುಳಿದರು ಎಂದು ಆಮೇಲೆ ಗೊತ್ತಾಯಿತು. ದೊಡ್ಡಿಯ ಮೂರು ಹಸುಗಳು ಒಟ್ಟಿಗೆ ಉತ್ತರ ಕೊಟ್ಟವು, ಎಷ್ಟೋ ಹೊತ್ತು ನಿಲ್ಲಿಸಲಿಲ್ಲ. ಚಿಕ್ಕಪ್ಪ ಒಂದು ಗಳಿಗೆ ನಿಂತ. ಅವಕ್ಯಾಕೋ ಆಸೆ ತೋರಿಸಿದೆ ಎಂದ.

ದಿಣ್ಣೆ ದಾಟಿದ ಮೇಲೆ ಕಂಬಳಿ ಮಡಚಿ ಪೊದೆಗೆ ತುರುಕಿದೆವು. ನಾನು ಸುತ್ತಿ ಬಳಸಿ ವಾಪಸು ಬಂದೆ. ಚಿಕ್ಕಪ್ಪ ಮಾತ್ರ ಕಣಿವೆಯಲ್ಲೇ ಇರಬೇಕು, ಆಚೀಚೆ ಅಡ್ಡಾಡುತ್ತಿರಬೇಕು, ಊಟ ಮೇಸ್ತ್ರಿ ತಂದುಕೊಡುತ್ತಾನೆ ಎಂದು ಆದೇಶ. ಮೇಸ್ತ್ರಿ ಆವತ್ತು ಅತಿಥಿಗಳಿಗೆ ತಟ್ಟೆ ಹಂಚುವುದರಲ್ಲಿದ್ದ. ಮರುದಿನ ಮಿಕ್ಕದ್ದನ್ನು ತಿಂದು ಮಲಗಿದ್ದ. ಆ ಎರಡನೆಯ ದಿನ ಮಧ್ಯಾಹ್ನದವರೆಗೆ ಕಾದ ಚಿಕ್ಕಪ್ಪ ಎದ್ದು ನಡೆದ. ಕಾಲಿಗೆ ದಾರಿ ಹೇಳಿಕೊಡಬೇಕಾಗಿರಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿದ್ದ.

ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನನಗೊಂದು ಒಡ್ಯಾಣ ಮಾಡಿಸ್ಲಿಲ್ಲ. ಈಗ ನೀವೇ ಹಾಕ್ಕೊಂಡು ಬಂದ್ರಾ?”

ಆವತ್ತು ಏಳು ಮನೆಯವರೂ ಬಂದು ಒಡ್ಯಾಣ ನೋಡಿ ನಕ್ಕು ಹೋದರು. ಚಿಕ್ಕಪ್ಪ ಉಂಡು, ಗೋಡೆಯ ನೆರಳಲ್ಲಿ ಅಂಗಾತ ಬಿದ್ದುಕೊಂಡ. ನಾಲ್ಕು ತಾಸು ಕಳೆದ ಮೇಲೆ ಮೇಸ್ತ್ರಿ ಓಡಿ ಬಂದು ಬಾಗಿಲು ಒದ್ದ.

“ಎದ್ದೇಳೋ ಬೋಳಿಮಗನೇ. ನೀನು ಸತ್ತಿದ್ದೀಯಾ ಅಂತ ಹೊರದೇಶದಿಂದ ಫೋನ್ ಬಂದಿದೆ.”

ಎತ್ತನ್ನು ಕಾಡಿಗೆ ಬಿಟ್ಟ ಮೇಲೆ ಪಟ್ಟಿ ನಾಲ್ಕು ತಾಸು ಅಲುಗದಿದ್ದರೆ ಹಸಿರು ಚುಕ್ಕಿ ಕೆಂಪಾಗುತ್ತದಂತೆ, ಪ್ರಾಣಿ ಸತ್ತಿರಬಹುದು ಎಂದು ಫೋನುಗಳೆಲ್ಲ ಬಡಿದುಕೊಳ್ಳುತ್ತವಂತೆ. ಪಟ್ಟಿ ಕತ್ತರಿಸಿದರೂ ಅಷ್ಟೇ. ನಮ್ಮ ಹಳೆಯ ನಲವತ್ತು ಮನೆಯವರು ಎಲ್ಲಿದ್ದಾರೆ, ಯಾರು ಸತ್ತರು ಎಂದು ಯಾವ ಫೋನೂ ಇದುವರೆಗೆ ಬಡಿದುಕೊಂಡಿರಲಿಲ್ಲ. ಅಂದಿನಿಂದ ಚಿಕ್ಕಪ್ಪ ಮಲಗಿದಾಗಲೆಲ್ಲ ಚಿಕ್ಕಮ್ಮ ಪಕ್ಕದಲ್ಲಿ ಕೂತು, ಆಗಾಗ ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಅವನನ್ನು ಮಗುಚಿ ಹಾಕುತ್ತಿದ್ದಳು.

ಎತ್ತು ಮನೆಯಲ್ಲಿದೆ ಎಂದು ತಿಳಿದು ಸಾಬೂನು ಕೆಂಡವಾಗುತ್ತಾರೆ ಎಂದುಕೊಂಡಿದ್ದೆವು. ಮೊದಲ ದಿನ ಆದರು. ಚಿಕ್ಕಪ್ಪನನ್ನು ಕೋಣೆಗೆ ಕರೆಸಿ, ನಾಯಿಗೂ ನಿನಗಿಂತ ನಿಯತ್ತಿದೆ ಎಂದರು. ಅಷ್ಟರಲ್ಲಿ ಅವರ ಕಣ್ಣು ತಮ್ಮ ಮೇಜಿನ ಮೇಲಿನ ಪರದೆಯ ಕಡೆ ಹೋಯಿತು. ಹಸಿರು ಚುಕ್ಕಿಗಳು ಏಳು ಮನೆಯ ಸುತ್ತ ಗುಂಪುಗೂಡಿದ್ದವು. ಬಹಳ ಹೊತ್ತು ನೋಡಿದರು. ಆಮೇಲೆ ದನಿ ಬದಲಾಯಿತು. ಪಾಪ, ಉಪವಾಸ ಬಿದ್ದೆಯಲ್ಲ, ಹೋಗಲಿ, ಮನೆಯಲ್ಲೇ ಇರು, ಮೈ ಜಡ್ಡುಗಟ್ಟಬಾರದು ನೋಡು, ನಲ್ಲಿಯ ಕಡೆ, ಹೊಲದ ಕಡೆ, ಏಳೂ ಮನೆಯ ಹಿತ್ತಲಲ್ಲಿ ಚೆನ್ನಾಗಿ ಓಡಾಡು ಎಂದರು. ಮೇಸ್ತ್ರಿಗೆ ಹೇಳಿ ಒಂದು ಪೊಟ್ಟಣ ಬ್ರೆಡ್ಡು ಕೊಡಿಸಿದರು.

ನಾವು ಮಾಡಿದ ತಪ್ಪು ಅಲ್ಲೇ. ಬೈಗುಳ ತಿಂದು ಬೆಳೆದವರಿಗೆ ಒಂದು ಒಳ್ಳೆಯ ಮಾತು ಸಾಕು, ತಲೆ ಕೆಲಸ ನಿಲ್ಲಿಸುತ್ತದೆ. ಸಾಬೂನು ಕೊನೆಗೂ ಕರಗಿತು ಎಂದು ಏಳು ಮನೆಯಲ್ಲೂ ಮಾತಾಯಿತು. ಚಿಕ್ಕಪ್ಪ ಋಣ ತೀರಿಸುವವನ ಹಾಗೆ ಓಡಾಡಿದ. ಬೆಳಗ್ಗೆ ಹೊಲ ಸುತ್ತಿದ, ಮಧ್ಯಾಹ್ನ ನಲ್ಲಿಯ ಹತ್ತಿರ ನಿಂತ, ಸಂಜೆ ಪ್ರತಿ ಮನೆಯ ಹಿತ್ತಲಿಗೂ ಹೋಗಿ ಬಂದ. ಅಷ್ಟೆಲ್ಲ ಓದಿದ ನಾನು, ಜೊತೆಗೆ ನಡೆಯುತ್ತ ಜೋಕು ಹೇಳುತ್ತಿದ್ದೆ.

ಡಾಕ್ಟರು ಮೂರು ದಿನಕ್ಕೆ ಬರಲಿಲ್ಲ. ಹತ್ತು ದಿನಕ್ಕೂ ಬರಲಿಲ್ಲ. ಪಟ್ಟಿಯ ಅಂಚು ಚಿಕ್ಕಪ್ಪನ ಸೊಂಟವನ್ನು ತಿನ್ನತೊಡಗಿತು. ಮೊದಲು ಕೆಂಪು, ಆಮೇಲೆ ಗುಳ್ಳೆ, ಆಮೇಲೆ ಕೀವು. ಚಿಕ್ಕಮ್ಮ ಹಳೆಯ ಬಟ್ಟೆ ಚೂರು ಮಾಡಿ ಪಟ್ಟಿಗೂ ಮೈಗೂ ನಡುವೆ ತುರುಕುತ್ತಿದ್ದಳು. ಸಂಜೆ ತೆಗೆದರೆ ಚರ್ಮ ಜೊತೆಗೆ ಬರುತ್ತಿತ್ತು. ಒಡ್ಯಾಣದ ಮಾತನ್ನು ಅವಳು ಮತ್ತೆ ಆಡಲಿಲ್ಲ. ಬಿಚ್ಚಿಸಿ ಎಂದು ಕೇಳಲು ಹೋದಾಗಲೆಲ್ಲ ಇನ್ನೆರಡು ದಿನ ಎಂಬ ಉತ್ತರ. ಮೂವತ್ತೆಂಟನೆಯ ದಿನ ಬೇರೊಬ್ಬ ಡಾಕ್ಟರು ಬೀಗದ ಕೈ ತಂದು ಬಿಚ್ಚಿದರು. ಹುಣ್ಣು ನೋಡಿ ಅವರು ಕೇಳಿದ್ದು ಒಂದೇ, ಇವನಿಗೆ ಸಕ್ಕರೆ ಕಾಯಿಲೆಯಾ ಎಂದು. ಪಟ್ಟಿ ತಾನಾಗಿ ಕಳಚಿ ಬಿತ್ತು, ಎತ್ತು ಸುರಕ್ಷಿತವಾಗಿದೆ ಎಂದು ಮೇಲಕ್ಕೆ ವರದಿ ಹೋಯಿತು.

ಇಪ್ಪತ್ತು ದಿನ ಕಳೆದು ಏಳು ಮನೆಗೂ ಕಾಗದ ಬಂತು: ಅತಿಥಿಗಳ ಹಾಲಿನಲ್ಲಿ ವಿಚಾರಣೆ, ಎಲ್ಲರೂ ಹಾಜರಿರತಕ್ಕದ್ದು. ಹೊಸ ನಕ್ಷೆ ಓದುತ್ತಾರೆ, ಮನೆ ನಮ್ಮದೇ ಎನ್ನುತ್ತಾರೆ ಎಂದು ಚಿಕ್ಕಪ್ಪ ಒಗೆದ ಅಂಗಿ ಹಾಕಿಕೊಂಡ. ಅಂಗಿಯ ಕೆಳಗೆ ಇನ್ನೂ ಬಟ್ಟೆ ಸುತ್ತಿದ್ದ.

ಹಾಲಿನಲ್ಲಿ ನಮ್ಮನ್ನು ನೆಲದ ಮೇಲೆ ಕೂರಿಸಿದರು. ಎದುರಿಗೆ ಮೇಜು. ನಡುವೆ ವಿಚಾರಣಾಧಿಕಾರಿ, ಕನ್ನಡಕದ ಹೆಂಗಸು. ಒಂದು ಪಕ್ಕ ಸಾಬೂನು. ಇನ್ನೊಂದು ಪಕ್ಕ ಹೊರದೇಶದಿಂದ ಬಂದ ಬಿಳಿಕೂದಲ ಅಜ್ಜಿ. ಅಳಿಯ ಹುಟ್ಟಿದ್ದು ಅವರ ಕೈಯಲ್ಲೇ ಅಂತೆ. ಸಾಬೂನು ಎದ್ದು ಒಂದೊಂದು ವಾಕ್ಯವನ್ನೂ ಎರಡು ಭಾಷೆಯಲ್ಲಿ ಹೇಳುತ್ತ ಹೋದರು. ಪರದೆಯ ಮೇಲೆ ಬೆಟ್ಟದ ನಕ್ಷೆ, ಅದರ ತುಂಬ ಹಸಿರು ಚುಕ್ಕಿ.

ಬಿಡುಗಡೆಯಾದ ಎತ್ತು ಕಣಿವೆಯಲ್ಲಿ ಒಂದೇ ದಿನ ಇದ್ದು, ಎರಡನೆಯ ದಿನ ನೇರವಾಗಿ ಈ ಏಳು ಕಟ್ಟಡಗಳ ಕಡೆಗೆ ಬಂದಿದೆ ಎಂದರು. ದಿನಕ್ಕೆ ಸರಾಸರಿ ಒಂಬತ್ತು ಗಂಟೆ ಮೂರನೆಯ ಕಟ್ಟಡದ ನೆರಳಿನಲ್ಲಿ ವಿಶ್ರಾಂತಿ ಪಡೆದಿದೆ. ನಸುಕಿನಲ್ಲಿ ತಪ್ಪದೆ ಪೂರ್ವದ ಪೊದೆಗಳಿಗೆ ಹೋಗಿ ಇಪ್ಪತ್ತು ನಿಮಿಷ ಇದ್ದು ಬಂದಿದೆ, ಬಹುಶಃ ಎಳೆ ಚಿಗುರಿನ ಆಸೆಗೆ. ನೆಲದ ಮೇಲೆ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಭಾನುವಾರ ಸಂಜೆಗಳಲ್ಲಿ ಐದನೆಯ ಕಟ್ಟಡದ ಬಳಿ ಎರಡೆರಡು ಗಂಟೆ ನಿಂತಿದೆ, ಅಲ್ಲಿ ಮಣ್ಣಿನಲ್ಲಿ ಉಪ್ಪಿನಂಶ ಇರಬಹುದು. ಐದನೆಯ ಮನೆಯವನು, ಇಸ್ಪೀಟು ಎಲೆ ಹಂಚುವವನು, ತಲೆ ತಗ್ಗಿಸಿದ. ಅಜ್ಜಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

“ನೋಡಿ, ಭಾವನೆ ಬೇರೆ, ವಿಜ್ಞಾನ ಬೇರೆ,” ಎಂದರು ಸಾಬೂನು. “ನೂರು ವರ್ಷ ಕಳೆದರೂ ಈ ನೆಲದ ನೆನಪು ಅದರ ರಕ್ತದಲ್ಲಿ ಉಳಿದಿದೆ. ತನ್ನ ಪೂರ್ವಜರ ಜಾಗವನ್ನು ಅದು ತಾನೇ ಗುರುತಿಸಿದೆ. ಅಲ್ಲಿ ಬೇರೆಯವರು ಇರುವುದು ನ್ಯಾಯವಲ್ಲ.”

ಏಳು ಮನೆಗಳು ಸೋಮವಾರದೊಳಗೆ ಖಾಲಿಯಾಗಬೇಕು, ಲಾರಿಗಳ ವ್ಯವಸ್ಥೆಯಾಗಿದೆ ಎಂದು ಓದಿ ಮುಗಿಸಿದರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ನಾನು ಚಿಕ್ಕಪ್ಪನ ಕಡೆ ತಿರುಗಿದೆ. ಅವನು ಪರದೆಯನ್ನೇ ನೋಡುತ್ತಿದ್ದ, ಒಂದೊಂದು ಚುಕ್ಕಿಯನ್ನೂ ಗುರುತು ಹಿಡಿಯುವವನ ಹಾಗೆ. ಅವನ ಭುಜ ಅಲುಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. “ಯಾಕಪ್ಪ ನಗ್ತೀಯಾ? ಮನೆ ಹೋಗ್ತಿದೆ ಅಂತ ಅರ್ಥ ಆಯ್ತಾ?”

“ಆಯ್ತು ತಾಯಿ,” ಎಂದು ಚಿಕ್ಕಪ್ಪ ಎದ್ದು ನಿಂತ. “ಆ ಎತ್ತು ನಾನೇ. ಆ ಚುಕ್ಕಿ ಎಲ್ಲಾ ನಂದೇ. ಮೂರನೇ ಮನೆ ನಂದು, ಅಲ್ಲಿ ಮಲಗಿದ್ದೂ ನಾನೇ. ನಮ್ಮಪ್ಪ, ಅವರಪ್ಪ, ಎಲ್ಲಾ ಅಲ್ಲೇ ಹುಟ್ಟಿದ್ದು. ಸಾಹೇಬರು ಓದಿದ್ದು ಒಂದಕ್ಷರ ಸುಳ್ಳಲ್ಲ.”

ಅಂಗಿ ಎತ್ತಿದ. ಸುತ್ತಿದ ಬಟ್ಟೆ ಬಿಚ್ಚಿ ನೆಲಕ್ಕೆ ಹಾಕಿದ. ಸೊಂಟದ ಸುತ್ತ ಅಂಗೈ ಅಗಲದ ಹುಣ್ಣಿನ ಪಟ್ಟಿ.

ಅಜ್ಜಿ ಬೆಚ್ಚಿ, ಇವರು ಏನು ಹೇಳುತ್ತಿದ್ದಾರೆ ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ಸಾಬೂನು ಒಂದು ಕ್ಷಣವೂ ತಡವರಿಸಲಿಲ್ಲ. ಅದೇ ಭಾಷೆಯಲ್ಲಿ, ಇಲ್ಲಿನ ಸರಳ ಜನ ತಮ್ಮನ್ನೂ ಪ್ರಾಣಿಯನ್ನೂ ಬೇರೆ ಎಂದು ನೋಡುವುದಿಲ್ಲ, ಆ ಎತ್ತು ತನ್ನೊಳಗೇ ಇದೆ ಎನ್ನುತ್ತಿದ್ದಾನೆ, ಅದಕ್ಕಾಗಿ ಮೈಯನ್ನು ಹೀಗೆ ದಂಡಿಸಿಕೊಂಡಿದ್ದಾನೆ, ಮನೆ ಬಿಟ್ಟುಕೊಡಲು ಸಂತೋಷ ಎನ್ನುತ್ತಿದ್ದಾನೆ ಎಂದು ಹೇಳಿದರು. ಅಜ್ಜಿಯ ಕಣ್ಣು ತುಂಬಿತು. ಎದೆಯ ಮೇಲೆ ಕೈಯಿಟ್ಟುಕೊಂಡು, ಆಮೇಲೆ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ನೋಡಿ ಮೇಜಿನವರೆಲ್ಲ ತಟ್ಟಿದರು, ಮೇಸ್ತ್ರಿಯೂ ತಟ್ಟಿದ.

ಆ ಭಾಷೆ ನನಗೆ ಬರುತ್ತದೆ. ಹಿಂಗಾಲಿಗೆ ಭಾಷೆ ಬರಬಹುದು ಎಂದು ಆ ಕೇಂದ್ರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎದ್ದು ನಿಂತೆ. ಯಾರ ದನಿಯನ್ನೂ ಎರವಲು ತರದೆ, ನನ್ನ ದನಿಯಲ್ಲೇ ಹೇಳಿದೆ. ನೀವು ಕಳಿಸಿದ ಎತ್ತು ಬಿಡುಗಡೆಗೆ ಎರಡು ದಿನ ಮುಂಚೆ, ಹೊಟ್ಟೆಯಲ್ಲಿ ಎರಡು ಬಕೆಟ್ಟು ಪ್ಲಾಸ್ಟಿಕ್ ಬಲೆ ಸೇರಿ ಸತ್ತಿತು ಎಂದೆ. ಗೇಟಿನಿಂದ ಹೊರಗೆ ನಡೆದವರು ಇವನು ಮತ್ತು ನಾನು, ನೀವು ಮೂವತ್ತೆಂಟು ದಿನ ಫೋನಿನಲ್ಲಿ ನೋಡಿದ್ದು ಇವನ ಊಟ, ಇವನ ನಿದ್ದೆ, ಪೂರ್ವದ ಪೊದೆಯಲ್ಲಿ ಇವನು ಕೂತು ಎದ್ದದ್ದು ಎಂದೆ. ಮೇವಿನಲ್ಲಿ ಬಲೆ ಇದೆ ಎಂದು ಇವನು ಹೇಳಿದ್ದ, ತಲೆಯಾಗಬೇಡ ಎಂಬ ಉತ್ತರ ಬಂತು ಎಂದೂ ಹೇಳಿದೆ.

ಚಪ್ಪಾಳೆ ನಿಂತಿತು. ಅಜ್ಜಿ ಫೋನು ತೆಗೆದು ಚುಕ್ಕಿಗಳನ್ನು ನೋಡಿದರು. ಚಿಕ್ಕಪ್ಪನ ಸೊಂಟ ನೋಡಿದರು. ಮುಖ ಬಿಳಿಚಿಕೊಂಡಿತು. ಎಲ್ಲಿ ಹೂತಿದ್ದೀರಿ ಎಂದು ನನ್ನನ್ನು ಕೇಳಿದರು, ಅಷ್ಟೇ. ನಾನು ಶೆಡ್ಡಿನ ಕಡೆ ಕೈ ತೋರಿಸಿದೆ.

ಸಾಬೂನು ಮೇಜು ಸುತ್ತಿಕೊಂಡು ಬಂದು ಚಿಕ್ಕಪ್ಪನ ಕಿವಿಯ ಹತ್ತಿರ ಬಗ್ಗಿದರು. ದನಿ ತಗ್ಗಿಸಿದ್ದರು, ಆದರೂ ನನಗೆ ಕೇಳಿಸಿತು.

“ಬಾಯಿ ಮುಚ್ಚೋ ಸೂಳೆಮಗನೇ. ನಿನ್ನ ಹುಡುಗನ್ನ ಕೂರಿಸು. ಇನ್ನೊಂದು ಮಾತು ಆಚೆ ಬಂದ್ರೆ ನಿಮ್ಮ ಏಳು ಮನೆ ಉಳಿಯಲ್ಲ.”

ಚಿಕ್ಕಪ್ಪ ಅವರ ಮುಖವನ್ನೇ ನೋಡಿದ.

“ಸ್ವಾಮಿ,” ಎಂದ, ಇಡೀ ಹಾಲಿಗೆ ಕೇಳುವ ಹಾಗೆ, “ಈಗ ತಾನೇ ಓದಿದ್ರಲ್ಲ, ಮನೆ ಹೋಯ್ತು ಅಂತ. ಇನ್ನೇನು ಕಿತ್ಕೋತೀರಿ?”

ಆ ಮಾತು ಆಡಿದ ಮೇಲೆ ಅದು ಅವನಿಗೇ ಹೊಸದಾಗಿ ಕೇಳಿಸಿದಂತಾಯಿತು. ಹೌದಲ್ಲ ಎಂಬಂತೆ ನಮ್ಮ ಕಡೆ ತಿರುಗಿದ. ಮೊದಲು ಕಿಸಕ್ಕೆಂದವಳು ಚಿಕ್ಕಮ್ಮ. ಆಮೇಲೆ ಐದನೆಯ ಮನೆಯವನು. ಆಮೇಲೆ ಏಳೂ ಮನೆಯವರು, ನೆಲದ ಮೇಲೆ ಕೂತಲ್ಲೇ, ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು. ಅಧಿಕಾರಿ ಸದ್ದು ಸದ್ದು ಎಂದು ಮೇಜು ಕುಟ್ಟುತ್ತಿದ್ದರು, ತೆರೆದ ಪೆನ್ನು ಇನ್ನೊಂದು ಕೈಯಲ್ಲೇ ಇತ್ತು, ಕಾಗದದ ಮೇಲೆ ಸಹಿಯ ಜಾಗ ಇನ್ನೂ ಖಾಲಿ. ಹೊರಗೆ ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕಲು ಓಡುತ್ತಿದ್ದ. ಅಜ್ಜಿ ಅವನ ಹಿಂದೆಯೇ ಮೆಟ್ಟಿಲಿಳಿಯುತ್ತಿದ್ದರು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಚಿಕ್ಕಪ್ಪ. ನೆಟ್ಟಗೆ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಕುಲುಕಿದ ಹಾಗೆಲ್ಲ ಸೊಂಟದ ಹುಣ್ಣು ಒಡೆದು, ರಕ್ತ ಸಣ್ಣಗೆ ತೊಡೆಗಿಳಿದು, ಅತಿಥಿಗಳ ಹಾಲಿನ ಬಿಳಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ನಿಲ್ಲಿಸಲಿಲ್ಲ.